ಗುಂಡಿ ಹಾಕಿಕೊಳ್ಳುತ್ತಾನಾ ಅಂತ ಕೇಳಿದ ನ್ಯೂರೋಸೈಕಾಲಜಿಸ್ಟ್: ಐದಕ್ಕೆ ನಾಲ್ಕು ಸ್ಟಾರ್

ನಾನು ತುಮಕೂರಿನಲ್ಲಿ ಟೈಲರ್. ಮಗನಿಗೆ ಏಳು ವರ್ಷ. ಮಾತು ತಡವಾಗಿ ಬಂತು, ಒಂದನೇ ಕ್ಲಾಸಿನಲ್ಲಿ ಅಕ್ಷರ ಹತ್ತಲಿಲ್ಲ. ಮೊದಲು ತೋರಿಸಿದ ಕಡೆ ಇಪ್ಪತ್ತೇ ನಿಮಿಷದಲ್ಲಿ ಪರೀಕ್ಷೆ ಮುಗಿಸಿ, ಒಂದು ಐಕ್ಯೂ ನಂಬರ್ ಬರೆದು ಕಳಿಸಿದರು. ಚಿತ್ರ ನೋಡಿ ಇವನು ಛತ್ರಿ ಅಂದ. ಅಂಬ್ರೆಲಾ ಅನ್ನಲಿಲ್ಲ ಅಂತ ತಪ್ಪು ಹಾಕಿದರು. ಆ ಚೀಟಿ ಇಟ್ಟುಕೊಂಡು ನಾನೇನು ಮಾಡಲಿ?

ಆಮೇಲೆ ಬೆಂಗಳೂರಿನ ಈ ನ್ಯೂರೋಸೈಕಾಲಜಿಸ್ಟ್ ಮೇಡಂ ಹತ್ತಿರ ಹೋದೆವು. ಮಗುವಿನ ನೆನಪು, ಗಮನ, ಕಲಿಕೆ ಹೇಗಿದೆ ಅಂತ ಪರೀಕ್ಷೆ ಮಾಡಿ ನೋಡುವವರು ಇವರು. ಎರಡು ದಿನ, ಬೆಳಿಗ್ಗೆ ಮಾತ್ರ. ಮಗು ಸುಸ್ತಾದ ಮೇಲೆ ಪರೀಕ್ಷೆ ಮಾಡಿದರೆ ಸುಸ್ತನ್ನೇ ಅಳೆದ ಹಾಗಾಗುತ್ತದೆ ಅಂದರು. ಮೊದಲು ಸುಮ್ನೆ ನೆಲದ ಮೇಲೆ ಕೂತು ಅವನ ಜೊತೆ ಕಾರು ಓಡಿಸಿದರು. ಮಾತೆಲ್ಲ ಕನ್ನಡದಲ್ಲೇ.

ಸೆಗ್ವಿನ್ ಫಾರ್ಮ್ ಬೋರ್ಡ್ ಅಂತ ಒಂದಿದೆ. ಮರದ ಹಲಗೆಯಲ್ಲಿ ಹತ್ತು ಆಕಾರದ ಗುಳಿ, ಅದಕ್ಕೆ ಹತ್ತು ತುಂಡು. ಮೂರು ಸಲ ಕೂರಿಸಬೇಕು, ಸ್ಟಾಪ್‌ವಾಚ್ ಓಡುತ್ತಿರುತ್ತದೆ. ಇವನು ಪಟಪಟ ಕೂರಿಸಿದ. ಆದರೆ ಅಂಕಿ ಹೇಳಿ ಅದನ್ನೇ ಹೇಳು ಅಂದಾಗ ಮೂರಕ್ಕೇ ನಿಂತ. ‘ಕಣ್ಣಲ್ಲಿ ಹೋದದ್ದು ಉಳಿಯುತ್ತೆ, ಕಿವಿಯಲ್ಲಿ ಹೋದದ್ದು ಸೋರುತ್ತೆ. ಒಂದು ಸಲಕ್ಕೆ ಒಂದೇ ಮಾತು ಹೇಳಿ’ ಅಂದರು ಮೇಡಂ. ನಾನೋ, ಚಪ್ಪಲಿ ಬಿಟ್ಟು ಕೈ ತೊಳೆದು ಬ್ಯಾಗಿಂದ ಡಬ್ಬಿ ತೆಗೆದಿಡು ಅಂತ ಒಂದೇ ಉಸಿರಿಗೆ ಹೇಳುತ್ತಿದ್ದೆ. ಅವನು ಚಪ್ಪಲಿ ಬಿಟ್ಟು ಅಲ್ಲೇ ನಿಲ್ಲುತ್ತಿದ್ದ. ಹಟ ಅಂದುಕೊಂಡು ಎಷ್ಟು ಬೈದಿದ್ದೇನೋ.

ವೈನ್‌ಲ್ಯಾಂಡ್ ಅಂತ ಇನ್ನೊಂದಿದೆ, ದಿನದ ಕೆಲಸ ಮಗು ತಾನೇ ಎಷ್ಟು ಮಾಡಿಕೊಳ್ಳುತ್ತದೆ ಅಂತ ನೋಡುವುದು. ಅದರಲ್ಲಿ ಪ್ರಶ್ನೆ ತಾಯಿಗೇ. ತಾನೇ ಉಣ್ಣುತ್ತಾನಾ, ಗುಂಡಿ ಹಾಕಿಕೊಳ್ಳುತ್ತಾನಾ? ಬರಲ್ಲ ಅಂದೆ. ‘ಬರಲ್ವಾ, ಇಲ್ಲ ನೀವು ಬಿಟ್ಟಿಲ್ವಾ?’ ಅಂದರು. ನನಗೆ ನಾಚಿಕೆಯಾಯಿತು. ಬೀದಿಗೆಲ್ಲ ಗುಂಡಿ ಹೊಲಿಯುವವಳು ನಾನು. ಇವನಿಗೆ ಮಾತ್ರ ಎಲಾಸ್ಟಿಕ್ ಚಡ್ಡಿ, ಟೀ ಶರ್ಟ್.

ಒಂದು ಸ್ಟಾರ್ ಯಾಕೆ ಕಳೆದೆ? ಹತ್ತು ದಿನದಲ್ಲಿ ಕೊಡುತ್ತೇವೆ ಅಂದ ರಿಪೋರ್ಟ್ ಬರಲು 24 ದಿನ ಬೇಕಾಯಿತು. ಒಂಬತ್ತು ಪುಟವೂ ಇಂಗ್ಲಿಷ್. ಕೇಳಿದ ಮೇಲೆ ಟೀಚರ್‌ಗೆ ಅಂತ ಒಂದು ಪುಟ ಕನ್ನಡದಲ್ಲಿ ಬರೆದುಕೊಟ್ಟರು. ಶಾಲೆಯಲ್ಲಿ ಓದಿದ್ದು ಅದೊಂದೇ. ಕ್ಲಿನಿಕ್ ಎರಡನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಸೆರೆಬ್ರಲ್ ಪಾಲ್ಸಿ ಇರುವ ಮಗುವನ್ನು ಒಬ್ಬರು ಹೆಗಲ ಮೇಲೆ ಹೊತ್ತು ಹತ್ತುತ್ತಿದ್ದರು. ಮಿಕ್ಕಿದ್ದು ಸಹಿಸಬಹುದು, ಇದು ಸರಿಯಿಲ್ಲ.

ಇಲ್ಲಿ ಮಾತ್ರೆ ಬರೆಯುವುದಿಲ್ಲ. ಈ ರಿಪೋರ್ಟ್ ಒಂದಿದ್ದರೆ ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಸಿಗುತ್ತದೆ ಅಂತಲೂ ಅಂದುಕೊಳ್ಳಬೇಡಿ, ಅಂಗವಿಕಲತೆಯ ಸರ್ಟಿಫಿಕೇಟ್ ಕೊಡುವುದು ಸರ್ಕಾರ ಗೊತ್ತು ಮಾಡಿದ ವೈದ್ಯರು. ಯಾರ ಹತ್ತಿರ ಹೋದರೂ ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ನಂಬರ್ ಕೇಳಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಈಗ ಅವನ ಅಂಗಿಗೆ ಎರಡು ದೊಡ್ಡ ಕೋಟಿನ ಗುಂಡಿ ಹೊಲಿದಿದ್ದೇನೆ, ಕಾಜ ಸ್ವಲ್ಪ ಸಡಿಲ ಬಿಟ್ಟು. ಕೆಳಗಿನದು ತಾನೇ ಹಾಕಿಕೊಳ್ಳುತ್ತಾನೆ. ಮೇಲಿನದಕ್ಕೆ ಗದ್ದ ಅಡ್ಡ ಬರುತ್ತದೆ.