ಹನ್ನೊಂದು ವರ್ಷ ಬಳಸಿದ ಹಳೇ ಸಿಡಿ ಪ್ಲೇಯರ್

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ 1980ರ ದಶಕದ ಕೊನೆಯ ಒಂದು ಜಪಾನಿ ಸಿಡಿ ಪ್ಲೇಯರ್ ಇದೆ. 2014ರಲ್ಲಿ ತಂದದ್ದು. ಹನ್ನೊಂದು ವರ್ಷ ಆದರೂ ವಾರಕ್ಕೆ ನಾಲ್ಕೈದು ದಿನ ಹಾಡುತ್ತಲೇ ಇದೆ. ಕಂಪನಿ ಹೆಸರು ಬೇಕಂತಲೇ ಬರೆದಿಲ್ಲ. ಆ ಕಾಲದ ದುಬಾರಿ ಪ್ಲೇಯರ್ ಯಾವುದೇ ಇರಲಿ, ನೀವು ದುಡ್ಡು ಕೊಡುವುದು ಒಳಗೆ ತಿರುಗುವ ಮೆಕ್ಯಾನಿಸಂಗೆ ಮತ್ತು ಅದರ ಲೇಸರ್‌ಗೆ. ಉಳಿದದ್ದನ್ನೆಲ್ಲ ರಿಪೇರಿ ಮಾಡಿಸಬಹುದು.

ಇದು ನಾನು ಕೊಂಡ ಎರಡನೆಯದು. ಮೊದಲನೆಯದಕ್ಕೆ ಹಾಕಿದ ಹದಿನೆಂಟು ಸಾವಿರ ಹೋಯಿತು. ಮುಂಬೈಯಲ್ಲೇ ಒಬ್ಬರ ಮನೆಗೆ ಹೋಗಿ ನೋಡಿದ್ದೆ. ಎರಡು ಹಾಡು ಹಾಕಿ ತೋರಿಸಿದರು, ಚೆನ್ನಾಗಿ ಕೇಳಿಸಿತು, ಕೊಂಡು ಮನೆಗೆ ತಂದೆ. ರಾತ್ರಿ ಪೂರ್ತಿ ಡಿಸ್ಕ್ ಕೇಳೋಣ ಅಂತ ಕೂತರೆ ಐವತ್ತು ನಿಮಿಷ ದಾಟಿದ್ದೇ ತೊದಲಲು ಶುರು. ಸಿಡಿ ಓಡುವುದು ಒಳಗಿನಿಂದ ಹೊರಗೆ, ಎಲ್‌ಪಿಗೆ ಉಲ್ಟಾ. ಒಳಗಡೆ ನಿಮಿಷಕ್ಕೆ ಸುಮಾರು 500 ಸುತ್ತು, ಹೊರ ಅಂಚಿಗೆ ಬರುವಾಗ 200. ಡಿಸ್ಕ್ ಒಂಚೂರು ಸೊಟ್ಟ ಇದ್ದರೂ ಅದು ಜಾಸ್ತಿ ಕುಣಿಯುವುದು ಅಂಚಿನಲ್ಲೇ. ಸೋತ ಲೇಸರ್‌ನ ಬಂಡವಾಳ ಅಲ್ಲಿ ಬಯಲಾಗುತ್ತದೆ. ಹಾಗಾಗಿ ನೋಡಲು ಹೋಗುವಾಗ 70 ನಿಮಿಷ ದಾಟಿದ ಒಂದು ಡಿಸ್ಕ್ ಜೊತೆಗಿರಲಿ. ಸೀದಾ ಕೊನೆಯ ಟ್ರ್ಯಾಕ್ ಹಾಕಿ ಪೂರ್ತಿ ಕೇಳಿ. ಆಮೇಲೆ ಮೊದಲ ಟ್ರ್ಯಾಕ್‌ಗೂ ಕೊನೆಯದಕ್ಕೂ ಹತ್ತು ಸಲ ಓಡಾಡಿಸಿ. ಮಾರುವವರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.

ಈಗ ಇರುವುದನ್ನು ಕೊಟ್ಟವರು ಪುಣೆಯ ಕೋಥ್ರೂಡ್‌ನಲ್ಲಿದ್ದ ಗದಗ ಕಡೆಯ ಒಬ್ಬ ನಿವೃತ್ತರು. ಮೂವತ್ತೆರಡು ಸಾವಿರಕ್ಕೆ ಮಾತಾಯಿತು. ನಾನು ಎತ್ತಲು ಬಗ್ಗಿದರೆ ಕೈ ಹಿಡಿದು ನಿಲ್ಲಿಸಿದರು. "ಸ್ವಲ್ಪ ತಡೀರಿ, ಮೊದಲ ಇದನ್ನ ಬಿಗಿ ಮಾಡೂಣು." ಪ್ಲೇಯರನ್ನು ಮೆತ್ತಗೆ ಪಕ್ಕಕ್ಕೆ ವಾಲಿಸಿ, ಡ್ರಾಯರಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ ಸ್ಕ್ರೂಗಳನ್ನು ತಂದು ಅಡಿಯ ತೂತುಗಳಿಗೆ ಹಾಕಿದರು. ಸ್ಪ್ರಿಂಗ್ ಮೇಲೆ ತೂಗುವ ಮೆಕ್ಯಾನಿಸಂ ದಾರಿಯಲ್ಲಿ ಕುಲುಕಬಾರದು ಅಂತ ಹಳೆಯ ಎಷ್ಟೋ ಪ್ಲೇಯರ್‌ಗಳಿಗೆ ಈ ಸಾಗಣೆ ಸ್ಕ್ರೂ ಇರುತ್ತವೆ. ಇಪ್ಪತ್ತೈದು ವರ್ಷ ಜೋಪಾನ ಮಾಡಿದ್ದರು. ಆ ಸ್ಕ್ರೂ ನೋಡಿದ ಮೇಲೆ ನಾನು ಬೇರೇನೂ ಕೇಳಲಿಲ್ಲ. ರೈಲಿನಲ್ಲಿ ಕಲ್ಯಾಣದವರೆಗೂ ತೊಡೆ ಮೇಲೆ ಇಟ್ಟುಕೊಂಡೇ ಬಂದೆ. ಮನೆಗೆ ಬಂದ ಮೇಲೆ, ಆನ್ ಮಾಡುವ ಮೊದಲು, ಅವನ್ನು ಬಿಚ್ಚಲು ಮರೆಯಬಾರದು.

ಒಳಗಿರುವುದು ಫಿಲಿಪ್ಸ್‌ನ ಸಿಡಿಎಂ-1 ಮೆಕ್ಯಾನಿಸಂ. ಲೇಸರ್ ಒಂದು ತೋಳಿನ ತುದಿಯಲ್ಲಿದ್ದು, ಗ್ರಾಮಫೋನಿನ ಕೈಯಂತೆ ಕಮಾನಾಗಿ ಸರಿಯುತ್ತದೆ. ಆ ತೋಳು ಸರಿಯುವುದು ಆಯಸ್ಕಾಂತದ ಬಲದಿಂದ, ಅಲ್ಲಿ ಸವೆಯುವ ಪ್ಲಾಸ್ಟಿಕ್ ಹಲ್ಲುಚಕ್ರವೇ ಇಲ್ಲ. ಲೆನ್ಸ್ ಗಾಜಿನದು. ಮುಚ್ಚಳ ತೆಗೆದು ಒಮ್ಮೆ ನೋಡಿದರೆ ಆ ಕಾಲದವರು ಎಷ್ಟು ಮನಸ್ಸಿಟ್ಟು ಮಾಡಿದ್ದರು ಅಂತ ತಿಳಿಯುತ್ತದೆ. ಡಿಜಿಟಲ್ಲನ್ನು ನಾದ ಮಾಡುವುದು ಟಿಡಿಎ1541ಎ ಚಿಪ್. ಆಯ್ದ ಉತ್ತಮ ಚಿಪ್‌ಗೆ ಕಂಪನಿಯೇ ಹಾಕುತ್ತಿದ್ದ ಕಿರೀಟದ ಗುರುತನ್ನು ಸಾದಾ ಚಿಪ್ ಮೇಲೆ ಹಾಕಿ ನಕಲಿ ಮಾರುವವರಿದ್ದಾರೆ, ಆ ಆಸೆಗೆ ಜಾಸ್ತಿ ದುಡ್ಡು ಸುರಿಯಬೇಡಿ.

ಹಿಂದಿನ ಲೇಬಲ್ ಓದದೆ ಪ್ಲಗ್ ಹಾಕಲೇಬಾರದು. ಜಪಾನಿನಲ್ಲೇ ಮಾರಿದ ಪ್ಲೇಯರ್ 100 ವೋಲ್ಟಿನದು. ನಮ್ಮ 230ಕ್ಕೆ ಹಾಕಿದರೆ ಅಲ್ಲಿಗೆ ಮುಗಿಯಿತು. ನನ್ನದೂ ಅಂಥದ್ದೇ. ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿನಲ್ಲಿ 110 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಸಿಗುತ್ತಿತ್ತು, ಆದರೂ ಸರಿಯಾಗಿ 100ಕ್ಕೇ ಸುತ್ತಿಸಿಕೊಂಡೆ. ಹಳೆಯ ಭಾಗಗಳಿಗೆ ಬಿಸಿ ಜಾಸ್ತಿ ಆಗಬಾರದು ಅಲ್ವಾ?

2019ರಲ್ಲಿ ಪ್ಲೇಯರಿನ ಡಿಸ್ಕ್ ಇಡುವ ಟ್ರೇ ಅರ್ಧಕ್ಕೆ ನಿಲ್ಲತೊಡಗಿತು. ರಬ್ಬರ್ ಬೆಲ್ಟ್ ಸಡಿಲ, ಗ್ರೀಸ್ ಮೇಣದ ಹಾಗೆ ಗಟ್ಟಿ. ಗ್ರಾಂಟ್ ರೋಡ್ ಹತ್ತಿರದ ಒಂದು ಗಲ್ಲಿಯಲ್ಲಿ ಕೂರುವ ಉಡುಪಿ ಕಡೆಯ ಮೆಕ್ಯಾನಿಕ್ ಅರ್ಧ ಗಂಟೆಯಲ್ಲಿ ಸರಿ ಮಾಡಿದರು. ಕೆಲವು ಡಿಸ್ಕ್ ನಿಧಾನಕ್ಕೆ ಓದುತ್ತಿದೆ, ಲೇಸರ್ ಪವರ್ ಸ್ವಲ್ಪ ಏರಿಸೋಣವಾ ಅಂತ ಕೇಳಿದೆ. "ಅದನ್ನು ಮುಟ್ಟುವುದು ಬೇಡ ಮಾರಾಯ್ರೆ. ನಾಲ್ಕು ತಿಂಗಳು ಚೆನ್ನಾಗಿ ಓದ್ತದೆ, ಮತ್ತೆ ಲೇಸರೇ ಸಾಯ್ತದೆ." ಪವರ್ ಏರಿಸುವ ಬದಲು ಒಣಗಿದ ಕೆಪಾಸಿಟರ್ ಬದಲಿಸಿ, ಹತ್ತಿಗೆ ಒಂದು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಲೆನ್ಸ್ ಒರೆಸಿಕೊಟ್ಟರು. ಡಿಸ್ಕ್ ಹಾಕಿದರೆ ಕೂಡಲೇ ಓದಿತು. ಒಟ್ಟು ಖರ್ಚು ಮೂರೂವರೆ ಸಾವಿರ. ಅಂಥವರು ಗೊತ್ತಿಲ್ಲದೆ ಈ ವಯಸ್ಸಿನ ಯಂತ್ರ ಕೊಳ್ಳುವುದು ಬೇಡ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಹೊಸ ಸಿಡಿಎಂ-1 ಈಗ ಯಾರೂ ಮಾಡುವುದಿಲ್ಲ.

ಮಳೆಗಾಲದಲ್ಲಿ ದಿನಾ ಒಂದು ಗಂಟೆ ಆನ್ ಮಾಡಿಡುತ್ತೇನೆ, ಒಳಗೆ ತೇವ ನಿಲ್ಲದಿರಲಿ ಅಂತ. ಮನೆಯಲ್ಲಿ ಬರ್ನ್ ಮಾಡಿದ ಸಿಡಿ-ಆರ್ ಓದುತ್ತದೆ, ಅಳಿಸಿ ಮತ್ತೆ ಬರೆಯುವ ಸಿಡಿ-ಆರ್‌ಡಬ್ಲ್ಯೂ ಓದುವುದಿಲ್ಲ. ಅದರಿಂದ ಬೆಳಕು ವಾಪಸ್ ಬರುವುದೇ ತೀರಾ ಕಡಿಮೆ.

ನಾದದ ಬಗ್ಗೆ ಹೇಳುವುದಾದರೆ, ಮಲ್ಲಿಕಾರ್ಜುನ ಮನ್ಸೂರರ ಒಂದು ಡಿಸ್ಕ್ ಇದೆ, ಕಾಲಾಘೋಡಾದ ರಿದಮ್ ಹೌಸ್‌ನಲ್ಲಿ ಕೊಂಡದ್ದು. 2016ರಲ್ಲಿ ಆ ಅಂಗಡಿ ಬಾಗಿಲು ಹಾಕಿತು. ಅದೇ ಡಿಸ್ಕನ್ನು ಮಗನ ಲ್ಯಾಪ್‌ಟಾಪಿನಲ್ಲಿ ಹಾಕಿದರೆ ತಂಬೂರಿ ಹಿಂದೆಲ್ಲೋ ಗುಂಯ್ ಅನ್ನುತ್ತದೆ, ಅಷ್ಟೇ. ಇಲ್ಲಿ ಒಂದೊಂದು ತಂತಿ ಮೀಟಿದ್ದೂ ಬೇರೆ ಬೇರೆ ಕೇಳುತ್ತದೆ. ಅವರು ಉಸಿರು ಎಳೆದುಕೊಂಡು ಮುಂದಿನ ತಾನಕ್ಕೆ ಏರುವುದು ಕೇಳುತ್ತದೆ. ನನ್ನ ಹೆಂಡತಿಗೆ ಯಂತ್ರಗಳ ಗೀಳಿಲ್ಲ. ಅವಳೂ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತು ಕೇಳುತ್ತಾಳೆ.

ಸಾಗಣೆ ಸ್ಕ್ರೂಗಳು ಅದೇ ಪ್ಲಾಸ್ಟಿಕ್ ಚೀಲದಲ್ಲಿ, ಈಗ ನಮ್ಮ ಡ್ರಾಯರಿನಲ್ಲಿವೆ.