ಸಿಗ್ಮಾ, ಟ್ಯಾಮ್ರಾನ್, ನಿಕಾನ್: ಲಕ್ಷದ ಆಸುಪಾಸಿನ ಮೂರು ಉದ್ದ ಲೆನ್ಸ್‌ಗಳಲ್ಲಿ ಯಾವುದು?

ಮೊದಲೇ ಹೇಳಿಬಿಡುತ್ತೇನೆ. ಹಕ್ಕಿ, ಕಾಡುಪ್ರಾಣಿಗಳನ್ನು ದೂರದಿಂದ ತೆಗೆಯುವ ಈ ಮೂರು ಝೂಮ್ ಲೆನ್ಸ್‌ಗಳಲ್ಲಿ ಫೋಟೋ ಎಲ್ಲಕ್ಕಿಂತ ಚೆನ್ನಾಗಿ ಬರುವುದು ನಿಕಾನ್ 200-500ರಲ್ಲಿ (ಈ ಅಂಕಿಗಳು ಎಂಎಂ ಲೆಕ್ಕದ ಫೋಕಲ್ ಲೆಂತ್, ಹೆಚ್ಚಿದಷ್ಟೂ ಹಕ್ಕಿ ದೊಡ್ಡದಾಗಿ ಕಾಣುತ್ತದೆ). ಆದರೂ ನಾನು ಇಟ್ಟುಕೊಂಡಿರುವುದು ಸಿಗ್ಮಾ 150-600 ಕಂಟೆಂಪರರಿ. ಟ್ಯಾಮ್ರಾನ್ 150-600 ಜಿ2 ಕೂಡ ಒಳ್ಳೆಯ ಲೆನ್ಸೇ, ನಾನು ಮಲೆನಾಡಿನ ಕಡೆ ಇದ್ದಿದ್ದರೆ ಬಹುಶಃ ಅದನ್ನೇ ಕೊಳ್ಳುತ್ತಿದ್ದೆ.

ಫೋಟೋ ಚೆನ್ನಾಗಿ ಬರುವುದನ್ನು ಬಿಟ್ಟು ಬೇರೆಯದನ್ನು ಯಾಕೆ ಇಟ್ಟುಕೊಂಡೆ ಅಂತ ಸ್ನೇಹಿತರೆಲ್ಲ ಕೇಳುತ್ತಾರೆ. ಹೊಸದಾಗಿ ಹಕ್ಕಿ ಫೋಟೋಗೆ ಇಳಿಯುವವರು ಚಾರ್ಟ್‌ನ ಫೋಟೋ, ಇಟ್ಟಿಗೆ ಗೋಡೆಯ ಫೋಟೋ ದೊಡ್ಡದು ಮಾಡಿ ನೋಡಿ ಯಾವುದು ಶಾರ್ಪ್ ಅಂತ ನಿರ್ಧರಿಸುತ್ತಾರೆ. ಗೋಡೆ ಹಾರಿಹೋಗುವುದಿಲ್ಲ ಅಲ್ವಾ. ನೀವು ಎಲ್ಲಿ ನಿಂತು ತೆಗೆಯುತ್ತೀರಿ, ಯಾವ ಹೊತ್ತಿನಲ್ಲಿ ತೆಗೆಯುತ್ತೀರಿ, ಎಷ್ಟು ಹೊತ್ತು ಹೊರುತ್ತೀರಿ ಎನ್ನುವುದೇ ಈ ಬೆಲೆಯ ಲೆನ್ಸ್‌ಗಳಲ್ಲಿ ಮುಖ್ಯ. ಗಾಜಿನ ವ್ಯತ್ಯಾಸ ಅದಕ್ಕಿಂತ ಸಣ್ಣದು.

ಮೂರನ್ನೂ ನಾನು ನಿಕಾನ್ ಡಿ7200 ಕ್ಯಾಮೆರಾ ಮೇಲೆ ಹಾಕಿ ನೋಡಿದ್ದೇನೆ. ಸಿಗ್ಮಾ ನನ್ನದು, ನಿಕಾನ್ ಸ್ನೇಹಿತನದು, ಟ್ಯಾಮ್ರಾನ್ ಬೆಂಗಳೂರಿನಲ್ಲಿ ಬಾಡಿಗೆಗೆ ತಂದದ್ದು. ನಾನಿರುವುದು ಮೈಸೂರಿನಲ್ಲಿ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಇಲ್ಲವೇ ಲಿಂಗಾಂಬುಧಿ ಕೆರೆ, ರಜೆ ಇದ್ದರೆ ರಂಗನತಿಟ್ಟು, ಕೊಕ್ಕರೆಬೆಳ್ಳೂರು, ಆಗೊಮ್ಮೆ ಈಗೊಮ್ಮೆ ನಾಗರಹೊಳೆ.

ಇಂಥ ಲೆನ್ಸ್ ಜನಸಾಮಾನ್ಯರ ಕೈಗೆ ಬಂದು ಬಹಳ ವರ್ಷವೇನೂ ಆಗಿಲ್ಲ. 2013ರ ಕೊನೆಯಲ್ಲಿ ಟ್ಯಾಮ್ರಾನ್ ತನ್ನ ಮೊದಲ 150-600 ತಂದಿತು. 2015ರಲ್ಲಿ ಸಿಗ್ಮಾ ಕಂಟೆಂಪರರಿಯೂ ನಿಕಾನ್ 200-500ಊ ಬಂದವು. ಟ್ಯಾಮ್ರಾನ್ 2016ರಲ್ಲಿ ಜಿ2 ಬಿಟ್ಟಿತು. ಟ್ಯಾಮ್ರಾನ್‌ನ ಆ ಮೊದಲ ಲೆನ್ಸ್ ಬರುವವರೆಗೆ 600 ಎಂಎಂ ಬೇಕೆಂದರೆ ಹೆಚ್ಚಾಗಿ ಎಫ್ 4ರ (ಎಫ್ ಅಂಕಿ ಅಂದರೆ ಅಪರ್ಚರ್, ಬೆಳಕು ಒಳಬಿಡುವ ಕಿಂಡಿಯ ಅಳತೆ, ಅಂಕಿ ಚಿಕ್ಕದಿದ್ದಷ್ಟೂ ಬೆಳಕು ಹೆಚ್ಚು) ದೊಡ್ಡ ಲೆನ್ಸೇ ಗತಿ, ಅದಕ್ಕೆ ಲಕ್ಷಗಟ್ಟಲೆ ಸುರಿಯಬೇಕಿತ್ತು. ಸಿಗ್ಮಾದಲ್ಲಿ ಸ್ಪೋರ್ಟ್ಸ್ ಅಂತ ಇನ್ನೊಂದಿದೆ. ಅದು 2860 ಗ್ರಾಂ ತೂಗುತ್ತದೆ, ಕೈಯಲ್ಲಿ ಹಿಡಿದು ಓಡಾಡುವವರಿಗೆ ಅಲ್ಲ, ಅದನ್ನು ಇಲ್ಲಿಗೇ ಬಿಡೋಣ.

ಈಗ 500 ಸಾಕಾ, 600 ಬೇಕಾ ಅನ್ನುವ ಪ್ರಶ್ನೆ. ಅಂಗಡಿಯಲ್ಲಿ ಎಲ್ಲರೂ ಮೊದಲು ಕೇಳುವುದೇ ಇದನ್ನು. 600ರಲ್ಲಿ ಹಕ್ಕಿ 500ಕ್ಕಿಂತ 1.2 ಪಟ್ಟು ದೊಡ್ಡದಾಗಿ ಕಾಣುತ್ತದೆ, ಅಷ್ಟೇ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ 500ರಲ್ಲಿ ತೆಗೆದದ್ದನ್ನು 600ರ ಅಳತೆಗೆ ಕ್ರಾಪ್ ಮಾಡಿದರೆ ಸುಮಾರು 16-17 ಮೆಗಾಪಿಕ್ಸೆಲ್ ಉಳಿಯುತ್ತದೆ. ಮನೆಯಲ್ಲಿ ಗೋಡೆಗೆ ಹಾಕುವಷ್ಟು ದೊಡ್ಡ ಪ್ರಿಂಟ್‌ಗೂ ಇದು ಧಾರಾಳ. ಅಲ್ಲದೆ ಸಿಗ್ಮಾ, ಟ್ಯಾಮ್ರಾನ್ ಎರಡೂ 600ರ ತುದಿಯಲ್ಲಿ ಪೂರ್ತಿ ತೆರೆದ ಅಪರ್ಚರ್‌ನಲ್ಲಿ ಸ್ವಲ್ಪ ಮೆತ್ತಗೆ. ರೆಕ್ಕೆಯ ಎಳೆಗಳು ಬಿಡಿಬಿಡಿಯಾಗಿ ಬರಬೇಕೆಂದರೆ ಎಫ್ 8ಕ್ಕೆ ಇಳಿಸುತ್ತೇನೆ. ನಿಕಾನ್ 500ರಲ್ಲಿ ಎಫ್ 5.6ರಲ್ಲೇ ಚೊಕ್ಕವಾಗಿ ಬರುತ್ತದೆ. ಹಾಗಾಗಿ ನಿಕಾನ್ ಚಿತ್ರವನ್ನು ಕ್ರಾಪ್ ಮಾಡಿ ಪಕ್ಕಪಕ್ಕ ಇಟ್ಟರೆ ಆ 100 ಎಂಎಂ ಹೆಚ್ಚಿನ ಲಾಭ ಹೆಚ್ಚುಕಡಿಮೆ ಕರಗಿಹೋಗುತ್ತದೆ. 600 ಅನ್ನುವ ಅಂಕಿಗೋಸ್ಕರ ಮಾತ್ರ ಸಿಗ್ಮಾ ಅಥವಾ ಟ್ಯಾಮ್ರಾನ್ ಕೊಳ್ಳಬೇಡಿ.

ಬೆಳಕಿನ ಲೆಕ್ಕ ಇದಕ್ಕಿಂತ ಮುಖ್ಯ. ಸಿಗ್ಮಾ, ಟ್ಯಾಮ್ರಾನ್ ಎಫ್ 5ರಿಂದ ಶುರುವಾಗುತ್ತವೆ ನಿಜ, ಆದರೆ 400ರ ಆಸುಪಾಸಿನಲ್ಲೇ ಎಫ್ 6.3ಕ್ಕೆ ಬಂದುಬಿಡುತ್ತವೆ. ನಿಕಾನ್ 200ರಿಂದ 500ರವರೆಗೂ ಎಫ್ 5.6. ಕಾಗದದ ಮೇಲೆ ವ್ಯತ್ಯಾಸ ಒಂದು ಸ್ಟಾಪಿನ (ಬೆಳಕು ಇಮ್ಮಡಿಯಾಗುವ ಒಂದು ಹೆಜ್ಜೆ) ಮೂರನೇ ಒಂದು ಭಾಗ ಮಾತ್ರ. ನಾಗರಹೊಳೆಯಲ್ಲಿ ಸಂಜೆ ಸಫಾರಿಯ ಕೊನೆಯ ಅರ್ಧ ಗಂಟೆ ಇದೆಯಲ್ಲ, ಬಿದಿರಿನ ನೆರಳಲ್ಲಿ ಸೀಳುನಾಯಿಗಳು ಬಂದು ನಿಲ್ಲುವ ಹೊತ್ತು, ಆಗ ನೋಡಿ. ಶಟರನ್ನು ಸೆಕೆಂಡಿನ 250ರಲ್ಲಿ ಒಂದು ಭಾಗಕ್ಕೆ ಇಟ್ಟು ನಿಕಾನ್‌ನಲ್ಲಿ ಐಎಸ್ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಚುರುಕು ಅನ್ನುವ ಅಂಕಿ) 3200 ಸಾಕಾದರೆ, ಸಿಗ್ಮಾದಲ್ಲಿ ಎಫ್ 6.3ಕ್ಕೆ 4000 ಬೇಕು, ಶಾರ್ಪ್ ಬರಲಿ ಅಂತ ಎಫ್ 8ಕ್ಕೆ ಹೋದರೆ 6400. ಡಿ7200ರಂಥ ಕ್ಯಾಮೆರಾ ಬಾಡಿಯಲ್ಲಿ 3200ಕ್ಕೂ 6400ಕ್ಕೂ ಇರುವ ವ್ಯತ್ಯಾಸ ಫೋನಿನ ಪರದೆಯಲ್ಲೂ ಗೊತ್ತಾಗುತ್ತದೆ. ನೆರಳಿನ ಜಾಗದಲ್ಲೆಲ್ಲ ಕಾಳುಕಾಳು ನಾಯ್ಸ್. ಫೋಕಸ್ ಕೂಡ ಅಷ್ಟೇ, ಬೆಳಕು ಕುಗ್ಗಿದಂತೆ ಎಫ್ 6.3ರ ಲೆನ್ಸ್‌ಗಳು ಮೊದಲು ತಡವರಿಸುತ್ತವೆ. ಕಾಡಿನ ಸಫಾರಿಯೇ ನಿಮ್ಮ ಮುಖ್ಯ ಉದ್ದೇಶವಾಗಿದ್ದರೆ ಮುಂದೆ ಓದುವ ಅಗತ್ಯವೇ ಇಲ್ಲ, ನಿಕಾನ್ ತಗೊಳ್ಳಿ. ಜೀಪಿನಲ್ಲಿ ಕೂತಿರುತ್ತೀರಿ, ತೂಕ ನಿಮ್ಮ ಹೆಗಲ ಮೇಲಿರುವುದಿಲ್ಲ.

ತೂಕ ಅಂದೆನಲ್ಲ. ನಿಕಾನ್ ಕಾಲರ್ (ಟ್ರೈಪಾಡಿಗೆ ಕೂರಿಸಲು ಲೆನ್ಸ್ ಸುತ್ತ ಇರುವ ಬಳೆ) ಸೇರಿ 2300 ಗ್ರಾಂ. ಸಿಗ್ಮಾ 1930. ಟ್ಯಾಮ್ರಾನ್ ಜಿ2 ಎರಡು ಕೆಜಿಯ ಹತ್ತಿರ. 370 ಗ್ರಾಂ ಯಾವ ಮಹಾ ಅನ್ನಿಸಬಹುದು. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಒಂದು ಸುತ್ತು ಹಾಕುವಾಗ ಅದು ಎಲ್ಲಿ ಗೊತ್ತಾಗುತ್ತದೆಂದರೆ, ಹಾವಕ್ಕಿ ನೀರಿನಿಂದ ಯಾವಾಗ ತಲೆ ಎತ್ತುತ್ತದೋ ಅಂತ ಕ್ಯಾಮೆರಾ ಕಣ್ಣಿಗೆ ಹಿಡಿದು ಕಾಯುವಾಗ. ಸಿಗ್ಮಾ ಹಿಡಿದು ಕಾಯುವಷ್ಟು ಹೊತ್ತು ನಿಕಾನ್ ಹಿಡಿದು ಕಾಯಲು ನನ್ನ ಕೈಗೆ ಆಗುವುದಿಲ್ಲ. ಮೊದಲು ಎಡಗೈ ಮಣಿಕಟ್ಟು ಸೋಲುತ್ತದೆ, ಆಮೇಲೆ ಮೊಣಕೈ ಪಕ್ಕೆಯಿಂದ ದೂರ ಸರಿಯುತ್ತದೆ, ಅಲ್ಲಿಂದ ಚಿತ್ರ ಅಲುಗುವುದು ಶುರು. ಲೆನ್ಸ್ ಎಷ್ಟು ಶಾರ್ಪ್ ಇದ್ದರೇನು, ಹಕ್ಕಿ ತಲೆ ಎತ್ತಿದಾಗ ನಾನು ಕೈ ಇಳಿಸಿ ನಿಂತಿದ್ದರೆ ಫೋಟೋನೇ ಇಲ್ಲ. ನಡೆದುಕೊಂಡು ತೆಗೆಯುವ ನನ್ನಂಥವರಿಗೆ ಸಿಗ್ಮಾ ಒಗ್ಗುವುದು ಇದಕ್ಕೇ.

ಇನ್ನೊಂದು ವಿಷಯದ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಝೂಮ್ ರಿಂಗ್. ಜನವರಿ ಫೆಬ್ರುವರಿಯಲ್ಲಿ ರಂಗನತಿಟ್ಟಿನ ದೋಣಿಯಲ್ಲಿ ಕೂತರೆ ಬಣ್ಣದ ಕೊಕ್ಕರೆಗಳು ಗೂಡಿಗೆ ಕಡ್ಡಿ ಕಚ್ಚಿಕೊಂಡು ನೇರ ನಿಮ್ಮ ಕಡೆಗೇ ಹಾರಿಬರುತ್ತವೆ. ದೂರದಲ್ಲಿ ಇದ್ದಾಗ 500 ಬೇಕು. ನಾಲ್ಕು ಸಲ ರೆಕ್ಕೆ ಬಡಿಯುವಷ್ಟರಲ್ಲಿ ಹಕ್ಕಿ ಹತ್ತಿರ ಬಂದು ರೆಕ್ಕೆ ತುದಿ ಫ್ರೇಮಿನ ಆಚೆ ಹೋಗುತ್ತದೆ, ಆಗ 300ಕ್ಕೆ ಇಳಿಯಬೇಕು. ನಿಕಾನ್‌ನ ರಿಂಗ್ ಬಹಳ ಉದ್ದ ತಿರುಗಬೇಕು. 500ರಿಂದ 200ಕ್ಕೆ ಒಂದೇ ಸಲ ಮಣಿಕಟ್ಟು ತಿರುಗಿಸಿದರೆ ಆಗುವುದಿಲ್ಲ, ಕೈ ಬಿಟ್ಟು ಮತ್ತೆ ಹಿಡಿದು ಇನ್ನೊಮ್ಮೆ ತಿರುಗಿಸಬೇಕು. ಹಾಗೆ ಕೈ ಬಿಟ್ಟಾಗಲೇ ಹಕ್ಕಿ ಫ್ರೇಮಿನಿಂದ ಹೋಗಿರುತ್ತದೆ. ಸಿಗ್ಮಾದಲ್ಲಿ ರಿಂಗ್ ಮುಟ್ಟುವುದೇ ಬೇಡ, ಹುಡ್ ಹತ್ತಿರ ಹಿಡಿದು ಹಿಂದಕ್ಕೆ ಎಳೆದರೆ ಸಾಕು, ಮುಂದಕ್ಕೆ ತಳ್ಳಿದರೆ ಮತ್ತೆ 600. ಇದು ಕೈಗೆ ರೂಢಿಯಾದ ಮೇಲೆ ಪೂರ್ತಿ ರೆಕ್ಕೆ ಬಂದ ಫೋಟೋಗಳು ನನಗೆ ಜಾಸ್ತಿ ಸಿಗತೊಡಗಿದವು. ಒಂದು ತೊಡಕಿದೆ. ಸಿಗ್ಮಾ ರಿಂಗ್ ನಿಕಾನ್ ಲೆನ್ಸ್‌ಗಳ ವಿರುದ್ಧ ದಿಕ್ಕಿಗೆ ತಿರುಗುತ್ತದೆ, ನಿಕಾನ್ ಅಭ್ಯಾಸ ಇದ್ದವರಿಗೆ ಸ್ವಲ್ಪ ದಿನ ಗೊಂದಲ ಆಗುತ್ತದೆ. ಟ್ಯಾಮ್ರಾನ್ ನಿಕಾನ್ ಹಾಗೇ ತಿರುಗುತ್ತದೆ.

ಟ್ಯಾಮ್ರಾನ್ ಜಿ2 ಯಾರಿಗೆ ಅಂದರೆ, ಮಳೆ ಮಂಜಿನ ಊರಿನವರಿಗೆ. ಅದರಲ್ಲಿ ತೇವ ಒಳಹೋಗದಂತೆ ಸೀಲ್ ಕೊಟ್ಟಿದ್ದಾರೆ, ಮುಂದಿನ ಗಾಜಿಗೆ ನೀರು ಅಂಟದ ಲೇಪವೂ ಇದೆ. ಸಿಗ್ಮಾ ಕಂಟೆಂಪರರಿಯಲ್ಲಿ ಕ್ಯಾಮೆರಾಕ್ಕೆ ಕೂರುವ ಮೌಂಟ್ ಹತ್ತಿರ ಮಾತ್ರ ರಬ್ಬರ್. ನಿಕಾನನ್ನೂ ನಾನು ಮಳೆಗೆ ಒಡ್ಡುವುದಿಲ್ಲ. ಟ್ಯಾಮ್ರಾನ್ ಹತ್ತಿರಕ್ಕೂ ಫೋಕಸ್ ಆಗುತ್ತದೆ, 2.2 ಮೀಟರ್. ನಿಕಾನ್ ಕೂಡ ಅಷ್ಟೇ. ಸಿಗ್ಮಾ 2.8 ಮೀಟರ್. ಗಣೇಶಗುಡಿಯಲ್ಲಿ ನೀರಿನ ತೊಟ್ಟಿಗೆ ಹಕ್ಕಿಗಳು ಸ್ನಾನಕ್ಕೆ ಬರುತ್ತವಲ್ಲ, ಅಂಥ ಕಡೆ, ಇಲ್ಲಾ ಚಿಟ್ಟೆ ಓತಿಕ್ಯಾತ ತೆಗೆಯುವಾಗ ಈ ಅರ್ಧ ಮೀಟರ್ ಲೆಕ್ಕಕ್ಕೆ ಬರುತ್ತದೆ. ಟ್ಯಾಮ್ರಾನ್‌ನಲ್ಲಿ ಕಾಲರಿನ ಪಾದವನ್ನೇ ಟ್ರೈಪಾಡ್ ಹೆಡ್‌ಗೆ ನೇರ ಕೂರಿಸುವ ಹಾಗೆ ಕೊರೆದಿದ್ದಾರೆ, ಬೇರೆ ಪ್ಲೇಟ್ ಬೇಡ. ಝೂಮ್ ರಿಂಗನ್ನು ಮುಂದಕ್ಕೆ ಜಾರಿಸಿದರೆ ಯಾವ ಅಳತೆಯಲ್ಲಿ ಬೇಕಾದರೂ ಲಾಕ್ ಆಗುತ್ತದೆ, ಹೆಗಲಿಗೆ ತೂಗುಹಾಕಿಕೊಂಡು ನಡೆಯುವಾಗ ಲೆನ್ಸ್ ತಾನಾಗೇ ಉದ್ದ ಇಳಿಯುವುದಿಲ್ಲ. ಎಷ್ಟು ಚೆನ್ನಾಗಿ ಯೋಚಿಸಿ ಮಾಡಿದ್ದಾರೆ ಅನ್ನಿಸಿತು. ಚಿತ್ರದ ಗುಣಮಟ್ಟದಲ್ಲಿ ಸಿಗ್ಮಾಕ್ಕೂ ಇದಕ್ಕೂ ನನಗೆ ಫರಕು ಹುಡುಕಲು ಆಗಲಿಲ್ಲ.

ಅಲುಗಾಟ ತಡೆಯುವ ವ್ಯವಸ್ಥೆ ಮೂರರಲ್ಲೂ ಇದೆ, ಮೂರೂ ಚೆನ್ನಾಗಿವೆ. ಹಾರುವ ಹಕ್ಕಿಗೆ ನಿಕಾನ್‌ನ ಸ್ಪೋರ್ಟ್ ಮೋಡ್ ನನಗೆ ತುಂಬಾ ಹಿಡಿಸಿತು, ವ್ಯೂಫೈಂಡರ್‌ನಲ್ಲಿ ಚಿತ್ರ ಎಗರುವುದಿಲ್ಲ. ಆದರೆ ಇದನ್ನು ನಂಬಿ ಶಟರ್ ಸ್ಪೀಡ್ ಇಳಿಸಬೇಡಿ. ಅದು ನಿಮ್ಮ ಕೈ ನಡುಕ ತಡೆಯುತ್ತದೆ, ಹಕ್ಕಿಯ ಚಲನೆಯನ್ನಲ್ಲ. ಕೂತ ಹಕ್ಕಿಗೆ ಸೆಕೆಂಡಿನ 500ರಲ್ಲಿ ಒಂದು ಭಾಗ, ಹಾರುವುದಕ್ಕೆ ಕಡಿಮೆ ಅಂದರೂ 1600ರಲ್ಲಿ ಒಂದು, ಮಿಂಚುಳ್ಳಿ ನೀರಿಗೆ ಧುಮುಕುವುದು ಬೇಕಿದ್ದರೆ ಇನ್ನೂ ಜಾಸ್ತಿ.

ಲೆನ್ಸ್ ಹೊಸದು ತಂದು "ಶಾರ್ಪ್ ಬರ್ತಿಲ್ಲ" ಅಂತ ಬೇಸರ ಮಾಡಿಕೊಳ್ಳುವವರಿಗೆ ನಾನು ಕೇಳುವ ಮೊದಲ ಪ್ರಶ್ನೆ, ಎಷ್ಟು ಹೊತ್ತಿಗೆ ತೆಗೆದಿರಿ ಅಂತ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಬಿಸಿಲೇರಿದ ಮೇಲೆ ನೀರಿನ ಆಚೆ ದಡದಲ್ಲಿರುವ ಬಾತನ್ನು 600ರಲ್ಲಿ ನೋಡಿದರೆ ಕತ್ತಿನ ಗೆರೆ ಅಲೆಅಲೆಯಾಗಿ ಕುಣಿಯುತ್ತಿರುತ್ತದೆ. ಅದು ಬಿಸಿ ಗಾಳಿಯ ಆಟ. ಎಂಟು ಲಕ್ಷದ ಲೆನ್ಸ್ ತಂದರೂ ಅದೇ ಗತಿ. ಸೂರ್ಯ ಹುಟ್ಟಿದ ಮೇಲಿನ ಎರಡು ಗಂಟೆ, ಮುಳುಗುವ ಮುಂಚಿನ ಒಂದೂವರೆ ಗಂಟೆ, ಉಳಿದ ಹೊತ್ತು ಹತ್ತಿರದ ಹಕ್ಕಿಗೆ ಮಾತ್ರ.

ಹಿಡಿಯುವ ಬಗ್ಗೆ ಎರಡು ಮಾತು. ಬೆಲ್ಟನ್ನು ಕ್ಯಾಮೆರಾಕ್ಕೆ ಹಾಕಬೇಡಿ, ಲೆನ್ಸ್ ಕಾಲರಿಗೆ ಹಾಕಿ, ಇಲ್ಲದಿದ್ದರೆ ಎರಡು ಕೆಜಿ ಭಾರ ಮೌಂಟ್ ಮೇಲೆ ಬೀಳುತ್ತದೆ. ದೋಣಿಯಲ್ಲಿ ಟ್ರೈಪಾಡ್ ದಂಡ, ಅಲುಗುವ ಹಲಗೆಯ ಮೇಲೆ ನಿಂತು ಏನು ಪ್ರಯೋಜನ. ಜೀಪಿಗೆ ಬೀನ್ ಬ್ಯಾಗ್ ಒಳ್ಳೆಯದು. ಖಾಲಿ ಚೀಲ ಒಯ್ದು ಅಲ್ಲೇ ಅಂಗಡಿಯಲ್ಲಿ ಎರಡು ಕೆಜಿ ಅಕ್ಕಿ ತುಂಬಿಸಿಕೊಂಡರೆ ಆಯಿತು, ಬರುವಾಗ ಮನೆಗೆ ಅಕ್ಕಿಯೂ ಆಯಿತು. ನಮ್ಮ ಕೆಲವು ಸಫಾರಿ ಕೌಂಟರ್‌ಗಳಲ್ಲಿ ಲೆನ್ಸ್ ಎಷ್ಟು ಉದ್ದ ಅಂತ ನೋಡಿ ಕ್ಯಾಮೆರಾ ಶುಲ್ಕ ಹಾಕುತ್ತಾರೆ, ಹೋಗುವ ಮೊದಲೇ ಕೇಳಿಕೊಳ್ಳಿ.

ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಹೊಸ ಬಗೆಯ ಕ್ಯಾಮೆರಾ) ಇರುವವರಿಗೆ ಲೆಕ್ಕವೇ ಬೇರೆ. 2019ರ ಸೋನಿ 200-600, 2023ರ ನಿಕಾನ್ ಝಡ್ 180-600 ಎರಡರಲ್ಲೂ ಝೂಮ್ ಒಳಗೇ ನಡೆಯುತ್ತದೆ, ಲೆನ್ಸ್ ಮುಂದಕ್ಕೆ ಚಾಚುವುದಿಲ್ಲ, ಕೈಯಲ್ಲಿ ತೂಕದ ಹದ ತಪ್ಪುವುದಿಲ್ಲ. ಇಂಥವನ್ನು ಹಿಡಿದ ಮೇಲೆ ಹಳೆಯದಕ್ಕೆ ಮರಳುವುದು ಕಷ್ಟ. ಬೆಲೆ ಮಾತ್ರ ಒಂದೂವರೆ ಲಕ್ಷದ ಆಚೆ. ಕ್ಯಾನನ್ ಆರ್‌ಎಫ್ 100-400 ಬರೀ 635 ಗ್ರಾಂ, ತುದಿಯಲ್ಲಿ ಎಫ್ 8. ಬಿಸಿಲಿರುವ ಕೆರೆ ಬಯಲಿಗೆ, ವಯಸ್ಸಾದ ಕೈಗಳಿಗೆ ಬಹಳ ಒಳ್ಳೆಯದು.

ಜನ ಮಿರರ್‌ಲೆಸ್ ಕಡೆ ಹೋಗುತ್ತಿರುವುದರಿಂದ ನಾನು ಹೇಳಿದ ಮೂರೂ ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತವೆ. ಹೊಸದಕ್ಕಿಂತ ಅದೇ ವಾಸಿ ಅಂತ ನನ್ನ ಅಭಿಪ್ರಾಯ, ಆದರೆ ನೋಡಿ ಕೊಳ್ಳಬೇಕು. ಟಾರ್ಚ್ ಹಿಂದಿನಿಂದ ಬಿಟ್ಟು ಮುಂದಿನಿಂದ ನೋಡಿ. ಧೂಳಿನ ಕಣ ಇದ್ದರೆ ಚಿಂತೆಯಿಲ್ಲ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್, ಅಲ್ಲೇ ವಾಪಸ್ ಕೊಟ್ಟುಬಿಡಿ. ಒಂದು ಪತ್ರಿಕೆಯ ಪುಟವನ್ನು ಗೋಡೆಗೆ ಅಂಟಿಸಿ ತುದಿಯ ಝೂಮ್‌ನಲ್ಲಿ ತೆಗೆದು ನಾಲ್ಕು ಮೂಲೆಯೂ ಒಂದೇ ತರ ಇದೆಯಾ ನೋಡಿ, ಒಂದು ಮೂಲೆ ಮಾತ್ರ ಮಸುಕಾಗಿದ್ದರೆ ಎಲ್ಲೋ ಬಿದ್ದು ಪೆಟ್ಟಾಗಿರಬಹುದು. ಸಿಗ್ಮಾ ಕೊಳ್ಳುವವರು ಅದರ ಯುಎಸ್‌ಬಿ ಡಾಕ್ (ಲೆನ್ಸನ್ನು ಕಂಪ್ಯೂಟರಿಗೆ ಜೋಡಿಸುವ ಸಾಧನ) ಕೂಡ ಜೊತೆಗೆ ಸಿಕ್ಕರೆ ಬಿಡಬೇಡಿ. ಝೂಮ್‌ನ ನಾಲ್ಕು ಅಳತೆ, ದೂರದ ನಾಲ್ಕು ಅಳತೆ, ಒಟ್ಟು 16 ಕಡೆ ಫೋಕಸ್ ಬೇರೆಬೇರೆಯಾಗಿ ಸರಿಮಾಡಬಹುದು. ಕ್ಯಾಮೆರಾದ ಮೆನುವಿನಲ್ಲಿ ಇಡೀ ಲೆನ್ಸ್‌ಗೆ ಒಂದೇ ತಿದ್ದುಪಡಿ ಸಿಗುತ್ತಿತ್ತು, ಇದರಿಂದ ನನ್ನ ಲೆನ್ಸ್ 600ರಲ್ಲಿ ಎಷ್ಟೋ ಸುಧಾರಿಸಿತು. ನಿಕಾನ್ 200-500 ಕೊಳ್ಳುವವರು ಬಾಡಿ ಯಾವುದು ಅಂತ ಮೊದಲು ನೋಡಿಕೊಳ್ಳಿ. ಅದರ ಅಪರ್ಚರ್ ವಿದ್ಯುತ್ತಿನಿಂದ ನಡೆಯುವಂಥದ್ದು, ಡಿ90, ಡಿ80ರಂಥ ಹಳೆಯ ಬಾಡಿಗಳಲ್ಲಿ ಅಪರ್ಚರ್ ಬದಲಿಸಲು ಆಗುವುದಿಲ್ಲ. ಮುಂದೆ ನಿಕಾನ್‌ನ ಮಿರರ್‌ಲೆಸ್ ಆದ ಝಡ್‌ಗೆ ಹೋಗುವ ಯೋಚನೆ ಇದ್ದರೆ ಇದು ಎಫ್‌ಟಿಝಡ್ ಅಡಾಪ್ಟರ್ ಹಾಕಿದರೆ ಸಲೀಸಾಗಿ ಕೆಲಸ ಮಾಡುತ್ತದೆ, ಸಿಗ್ಮಾ ಟ್ಯಾಮ್ರಾನ್‌ಗಳಿಗೆ ಮೊದಲು ಫರ್ಮ್‌ವೇರ್ (ಲೆನ್ಸಿನೊಳಗಿನ ಸಾಫ್ಟ್‌ವೇರ್) ಹೊಸದು ಮಾಡಿಕೊಳ್ಳಬೇಕಾಗಬಹುದು.