ಕಾರ್ಪೆಟ್, ಜಮಖಾನೆ, ಕಂಬಳಿ: ಮೂರನ್ನೂ ಹಾಸಿ ನೋಡಿದೆ

ದಾವಣಗೆರೆಯ ನಮ್ಮ ಮನೆಗೆ ಟೈಲ್ಸ್ ಹಾಕಿಸಿದ ಮೇಲೆ ಅಮ್ಮನಿಗೆ ಮಂಡಿನೋವು ಜಾಸ್ತಿಯಾಯಿತು. ತರಕಾರಿ ಹೆಚ್ಚುವುದಕ್ಕೂ ಜಪಕ್ಕೂ ಅವರಿಗೆ ನೆಲವೇ ಆಗಬೇಕು. ಹಾಗಾಗಿ ಮೂರು ವರ್ಷದಲ್ಲಿ ಮೂರು ಬಗೆ ತಂದೆ.

ಮೊದಲನೆಯದು ಅಂಗಡಿಯ ಮಿಷನ್ ಕಾರ್ಪೆಟ್. ಮೆತ್ತಗಿತ್ತು. ಆದರೆ ಅದರಲ್ಲಿ ನೂಲನ್ನು ನೇಯ್ದಿರಲಿಲ್ಲ, ಬಟ್ಟೆಗೆ ಚುಚ್ಚಿ ಹಿಂದೆ ಅಂಟು ಬಳಿದಿದ್ದರು. ಎರಡನೇ ಬೇಸಿಗೆಗೆ ಅಂಟು ಪುಡಿಪುಡಿಯಾಗಿ ಉದುರಿತು. ಅಲ್ಲಿಗೆ ಅದರ ಕಥೆ ಮುಗಿಯಿತು.

ಆಮೇಲೆ ಧಾರವಾಡ ಜಿಲ್ಲೆಯ ನವಲಗುಂದದ ಹತ್ತಿ ಜಮಖಾನೆ. ಇದನ್ನು ನೇಯುವವರು ಹೆಂಗಸರು. ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕೂತು, ಒಂದೊಂದು ಬಣ್ಣದ ನೂಲನ್ನೂ ಬೇಕಾದಷ್ಟೇ ಎಳೆಗೆ ಬೆರಳಿನಿಂದ ತೂರಿಸಿ, ಕಬ್ಬಿಣದ ಪಂಜದಿಂದ ಬಡಿದು ಕೂರಿಸುತ್ತಾರೆ. ಉದ್ದದ ಎಳೆ ಪೂರ್ತಿ ಮುಚ್ಚಿಹೋಗುತ್ತದೆ. ಅದಕ್ಕೇ ನಮ್ಮ ಜಮಖಾನೆಯ ನವಿಲು ಎರಡೂ ಕಡೆ ಒಂದೇ ತರ ಕಾಣುತ್ತದೆ. ಒಂದು ಮಗ್ಗುಲು ಕೊಳೆಯಾದರೆ ತಿರುಗಿಸಿ ಹಾಸಿದರಾಯಿತು. ಬೇಸಿಗೆಗೆ ಇದೇ ಸರಿ. ಆದರೆ ಟೈಲ್ಸ್ ಮೇಲೆ ಜಾರುತ್ತದೆ, ಡಿಸೆಂಬರಿನ ಥಂಡಿಯನ್ನೂ ತಡೆಯುವುದಿಲ್ಲ.

ಕೊನೆಗೆ ಚಳ್ಳಕೆರೆಗೆ ಹೋದೆ. ಚಿತ್ರದುರ್ಗ ಜಿಲ್ಲೆಯವರಿಗೆ ಕಂಬಳಿ ಎಂದರೆ ಚಳ್ಳಕೆರೆಯೇ ಅಲ್ವಾ! ಕುರುಬರ ಕೇರಿಯಲ್ಲಿ ಒಬ್ಬ ಅಜ್ಜಿ ರಾಟೆಯಲ್ಲಿ ಕರಿ ಉಣ್ಣೆ ನೂಲುತ್ತಿದ್ದರು. ಬಣ್ಣ ಹಾಕುವುದಿಲ್ಲ, ಕುರಿಯ ಮೈಬಣ್ಣವೇ ಕಂಬಳಿಯ ಬಣ್ಣ. ನಮ್ಮ ಕಡೆಯ ಕುರಿಯ ಉಣ್ಣೆ ಒರಟು. ಹಾಗೇ ಮಗ್ಗಕ್ಕೆ ಏರಿಸಿದರೆ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಹರಿಯುತ್ತವೆ. ಅದಕ್ಕೆ ಹುಣಸೆ ಬೀಜ ಅರೆದು ಗಂಜಿ ಕಾಯಿಸುತ್ತಾರೆ. ಬೀದಿಯುದ್ದಕ್ಕೂ ಎಳೆ ಬಿಗಿದು ಕಟ್ಟಿ, ದೊಡ್ಡ ಬ್ರಷ್ಷಿನಿಂದ ಗಂಜಿ ಬಳಿದು ಒಣಗಿಸುತ್ತಾರೆ. ಆಮೇಲೆ ಗುಂಡಿ ಮಗ್ಗಕ್ಕೆ. ನೇಯುವವರು ಗುಂಡಿಯೊಳಗೆ ಕಾಲು ಬಿಟ್ಟು ಕೂತಿರುತ್ತಾರೆ. ಹೊಸ ಕಂಬಳಿ ಬಿರುಸಾಗಿರುವುದಕ್ಕೆ ಆ ಗಂಜಿಯೇ ಕಾರಣ.

ಮೊದಲ ತಿಂಗಳು ಕಾಲಿಗೆ ಚುಚ್ಚುತ್ತಿತ್ತು. ನನಗೇ ಬೇಸರ ಬಂತು. ಅಮ್ಮ ಮಾತ್ರ ಸುಮ್ನೆ ಅದರ ಮೇಲೇ ಕೂತರು. ಬಳಸಿದಂತೆ ಮೆತ್ತಗಾಯಿತು. ಜಾರುವುದಿಲ್ಲ, ಥಂಡಿ ಮೇಲೆ ಬರುವುದಿಲ್ಲ. ಮಳೆಗಾಲದಲ್ಲಿ ಕುರಿಯ ವಾಸನೆ ಬರುತ್ತದೆ, ಅದು ನಿಜ. "ಬಿಸಿನೀರಿಗೆ ಹಾಕಬೇಡ ತಾಯಿ, ಕುಗ್ಗುತ್ತೆ. ಬಿಸಿಲಿಗೆ ಹಾಕಿ ಕೊಡವು ಸಾಕು" ಎಂದಿದ್ದರು ಅಜ್ಜಿ. ಹಾಗೇ ಮಾಡುತ್ತಿದ್ದೇನೆ. ಎತ್ತಿಡುವಾಗ ಬೇವಿನ ಸೊಪ್ಪು ಇಡುತ್ತೇನೆ.

ಒಂದೇ ಕೊಳ್ಳುವುದಾದರೆ ನಾನು ಕಂಬಳಿಯನ್ನೇ ಕೊಳ್ಳುತ್ತೇನೆ. ಹೆಸರು ನಂಬಿ ದುಡ್ಡು ಕೊಡಬೇಡಿ, ಅಂಚಿನ ಒಂದು ಎಳೆ ಕಿತ್ತು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ. ಕರಗಿ ಗಟ್ಟಿ ಉಂಡೆಯಾದರೆ ಪ್ಲಾಸ್ಟಿಕ್ ನೂಲು, ವಾಪಸ್ ಕೊಟ್ಟುಬಿಡಿ.